ಡ್ರಿಲ್ ಮೇಷ್ಟ್ರು ಕಲಿಸಿದ ಧ್ಯಾನ

ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಮೈದಾನದಲ್ಲಿ ಗದರಿದರೆ, ಆಫೀಸಿನಲ್ಲಿ ಗುಮಾಸ್ತೆಯಾಗಿ ಕೂತ ನನ್ನ ಬೆನ್ನೂ ನೆಟ್ಟಗಾಗುತ್ತಿತ್ತು. ಇಂಥವರ ತಲೆಗೆ ಧ್ಯಾನ ಕಟ್ಟಿದ್ದು ದೊಡ್ಡ ಮೇಡಂ, ನಮ್ಮ ಮುಖ್ಯೋಪಾಧ್ಯಾಯಿನಿ. ಒಂಬತ್ತನೇ ತರಗತಿಯಲ್ಲಿ ಹೊಡೆದಾಟ ಮಿತಿ ಮೀರಿತ್ತು. ಮಕ್ಕಳ ಒತ್ತಡ ಇಳಿದರೆ ನಡತೆ ತಾನಾಗಿ ಸುಧಾರಿಸುತ್ತದೆ ಎಂದು ಯಾವುದೋ ತರಬೇತಿಯಲ್ಲಿ ಕೇಳಿಕೊಂಡು ಬಂದಿದ್ದರು.

"ನನಗೆ ಓಡ್ಸೋದು ಗೊತ್ತು ಮೇಡಂ, ಕೂರ್ಸೋದು ಗೊತ್ತಿಲ್ಲ" ಎಂದರು ಮೇಷ್ಟ್ರು. ಅವರ ಮಾತು ಯಾರು ಕೇಳಬೇಕು? ದಿನಾ ಬೆಳಿಗ್ಗೆ ಹತ್ತು ನಿಮಿಷ ಕಣ್ಣು ಮುಚ್ಚಿಸುವ ಕೆಲಸ ಅವರ ಪಾಲಿಗೆ ಬಂತು.

ಆ ತರಗತಿಯಲ್ಲಿ ಒಬ್ಬಳಿದ್ದಳು. ಅಡ್ಡಹೆಸರು ಮೆಣಸಿನಕಾಯಿ. ಮಾತಿಗಿಂತ ಮುಂಚೆ ಕೈ ಏಳುತ್ತಿತ್ತು. ಎರಡು ಎಚ್ಚರಿಕೆ ಪತ್ರ ಆಗಲೇ ಹೋಗಿದ್ದವು, ಟೈಪ್ ಮಾಡಿದವಳು ನಾನೇ. ಇನ್ನೊಂದು ದೂರು ಬಂದರೆ ಕೈಗೆ ಟೀಸಿ.

ಮೊದಲ ದಿನ ಕಣ್ಣು ಮುಚ್ಚಿ ಎರಡು ನಿಮಿಷವಾಗಿಲ್ಲ, ಮೆಣಸಿನಕಾಯಿ ಡೆಸ್ಕಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯತೊಡಗಿದಳು. ಆಮೇಲೆ ಮೇಷ್ಟ್ರು ಅವಳನ್ನು ಹೊರಗೆ ಕರೆದು ಕೇಳಿದರು.

"ಅಜ್ಜಿಗೆ ಮರೆವು ಸಾರ್. ರಾತ್ರಿ ಬಾಗಿಲು ತೆಗ್ದು ಹೊರಟೇಬಿಡ್ತಾರೆ. ಅಮ್ಮನಿಗೆ ಆಸ್ಪತ್ರೇಲಿ ರಾತ್ರಿ ಪಾಳಿ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತಿರ್ತೀನಿ."

ಮರುದಿನದಿಂದ ಅವಳನ್ನು ಯಾರೂ ಎಬ್ಬಿಸಲಿಲ್ಲ. ಧ್ಯಾನದ ಬೆನ್ನಿಗೇ ಆಟದ ಪೀರಿಯಡ್ಡು. ಮೇಷ್ಟ್ರು ಉಳಿದವರನ್ನು ಮೈದಾನಕ್ಕೆ ಅಟ್ಟಿ, ತರಗತಿಯ ಕಿಟಕಿ ಮುಂದು ಮಾಡಿ ಹೋಗುತ್ತಿದ್ದರು. ಹೀಗೆ ಅವಳಿಗೆ ದಿನಕ್ಕೊಂದು ಗಂಟೆ ನಿದ್ದೆ ಸಿಕ್ಕಿತು. ಧ್ಯಾನದ ರಿಜಿಸ್ಟರಿನಲ್ಲಿ ಪ್ರತಿ ಹೆಸರಿನ ಮುಂದೆ ಚಂಚಲ, ಸಾಧಾರಣ, ಗಾಢ ಎಂದು ಬರೆಯಬೇಕಿತ್ತು. ಅವಳ ಮುಂದೆ ದಿನವೂ ‘ಗಾಢ’.

"ನಿದ್ದೆಗೆ ಬೇರೆ ಕಾಲಂ ಇಲ್ವಲ್ಲಮ್ಮ" ಎಂದು ನನ್ನೆದುರು ನಕ್ಕರು. ನಾನೂ ನಕ್ಕೆ, ಬುದ್ಧಿಯಿಲ್ಲದವಳು.

ಎರಡು ತಿಂಗಳು ಅವಳ ಮೇಲೆ ಒಂದು ದೂರಿಲ್ಲ. ಹುಡುಗಿ ಸರಿ ಹೋದಳೆಂದು ಮೇಷ್ಟ್ರು ನಾಲ್ಕು ಮಂದಿಗೆ ಹೇಳಿಕೊಂಡು ಓಡಾಡಿದರು. ದೊಡ್ಡ ಮೇಡಂ ರಿಜಿಸ್ಟರ್ ತರಿಸಿ ನೋಡಿ ಹಿಗ್ಗಿದರು. ಹಿಗ್ಗಿದ ಮೇಲೆ ಸುಮ್ಮನಿರಬಾರದಿತ್ತೇ? ಮಕ್ಕಳು ಸುಧಾರಿಸಿದ್ದಾರೆ, ಇನ್ನು ಧ್ಯಾನ ಸಾಕು, ಪರೀಕ್ಷೆ ಹತ್ತಿರ ಬಂತು, ಆಟದ ಹೊತ್ತೂ ಸೇರಿಸಿ ಗಣಿತಕ್ಕೆ ಕೊಡಿ ಎಂದರು. ಆ ಸುತ್ತೋಲೆ ಟೈಪ್ ಮಾಡಿದ್ದೂ ಈ ಕೈಗಳೇ.

ಎರಡನೇ ವಾರ ಗಣಿತದ ತರಗತಿಯಲ್ಲಿ ಅವಳು ತೂಕಡಿಸಿದಳು, ಪಕ್ಕದವಳು ಕಿಸಕ್ಕನೆ ನಕ್ಕಳು. ಕಂಪಾಸ್ ಪೆಟ್ಟಿಗೆ ಹಾರಿ ನಕ್ಕವಳ ಹುಬ್ಬು ಸೀಳಿತು.

ಮೇಷ್ಟ್ರು ಮೇಡಂ ಕೋಣೆಗೆ ಓಡಿದರು. ನಡುವೆ ಇದ್ದದ್ದು ಪರದೆ ಮಾತ್ರ, ನನಗೆಲ್ಲ ಕೇಳಿಸಿತು.

"ಅವಳು ಧ್ಯಾನ ಮಾಡ್ತಿರ್ಲಿಲ್ಲ ಮೇಡಂ, ಮಲಗ್ತಿದ್ಲು. ಅದ್ರಿಂದಲೇ ಸರಿ ಹೋಗಿದ್ದು. ಒಂದು ಗಂಟೆ ನಿದ್ದೆ ಕೊಡಿ ಸಾಕು, ನಿಮ್ಮ ಕಾಲಿಗೆ ಬೀಳ್ತೀನಿ."

ರಿಜಿಸ್ಟರಿನ ಹಾಳೆ ಮಗುಚಿದ ಸದ್ದಾಯಿತು. ಆಮೇಲೆ ಮೇಡಂ, "ಅಂದ್ರೆ ನೀವು ಎರಡು ತಿಂಗಳು ಸುಳ್ಳು ಬರೆದ್ರಿ. ಅವಳು ಸುಧಾರಿಸಿಯೇ ಇರ್ಲಿಲ್ಲ" ಎಂದರು.

ನನ್ನನ್ನು ಕರೆದು ಟೀಸಿಯ ಕಾರಣಕ್ಕೆ ಇನ್ನೊಂದು ಸಾಲು ಸೇರಿಸಲು ಹೇಳಿದರು: ತರಗತಿಯಲ್ಲಿ ನಿದ್ರಿಸುವ ಅಭ್ಯಾಸ. ಬರೆಯುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ನನಗೂ ಸಂಸಾರವಿದೆ ಎಂದು ಸಮಾಧಾನ ಹೇಳಿಕೊಂಡೆ, ನಾಚಿಕೆ ಹೋಗಲಿಲ್ಲ.

ಮಾರನೆಯ ದಿನ ಅವಳ ಅಮ್ಮ ಪಾಳಿ ಮುಗಿಸಿ ನೇರ ಬಂದು, ನಿಂತಲ್ಲೇ ಸಹಿ ಹಾಕಿದರು. ಮೇಷ್ಟ್ರು ಬಾಗಿಲಲ್ಲಿ ಹುಡುಗಿಯ ಚೀಲ ಹಿಡಿದು ನಿಂತಿದ್ದರು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಹುಡುಗಿ ಚೀಲ ಇಸಿದುಕೊಂಡಳು.

"ನೀವ್ಯಾಕೆ ಅಳ್ತೀರಾ ಸಾರ್?" ಎಂದಳು. "ಇನ್ಮೇಲೆ ನಾನು ಹಗಲು ಪೂರ್ತಿ ಮಲಗ್ಬಹುದಲ್ಲ."