ಸೋಸಿ ಹಾಕಿದ ಡೀಸೆಲ್

ನಮ್ಮಮ್ಮ ಸೋಸದೆ ಬಿಟ್ಟ ವಸ್ತು ಮನೆಯಲ್ಲಿರಲಿಲ್ಲ. ಕುಡಿಯುವ ನೀರು, ಹಾಲು, ಕರಿದು ಉಳಿದ ಎಣ್ಣೆ, ಎಲ್ಲಕ್ಕೂ ಒಂದೊಂದು ಬಟ್ಟೆ. ಮಾತನ್ನು ಮಾತ್ರ ಸೋಸುತ್ತಿರಲಿಲ್ಲ, ಅದು ಬಾಯಿಗೆ ಬಂದ ಹಾಗೇ ಹೊರಗೆ. ಅಪ್ಪ ತೀರಿಕೊಂಡ ಮೇಲೆ ಅವನ ಪಿಕಪ್ಪನ್ನು ತಾನೇ ಓಡಿಸಿಕೊಂಡು, ಊರಿನ ತರಕಾರಿಯನ್ನು ಗುಡ್ಡ ಹತ್ತಿಸಿ ಆಚೆಯ ಪೇಟೆಗೆ ಮುಟ್ಟಿಸುತ್ತಿದ್ದಳು. ಹೆಂಗಸಿನ ಕೈಯಲ್ಲಿ ಸ್ಟೇರಿಂಗ್ ನೋಡಿ ನಕ್ಕವರ ಮೂಟೆಗಳು ಒಂದಷ್ಟು ದಿನ ರಸ್ತೆ ಬದಿಯಲ್ಲೇ ಬಾಡಿದವು. ಆಮೇಲೆ ಯಾರೂ ನಗಲಿಲ್ಲ.

ನನಗೆ ದಿನ ತುಂಬುತ್ತಾ ಬಂದಾಗಲೇ ಆ ಗಾಡಿ ಕರಿಹೊಗೆ ಉಗುಳುತ್ತಾ ಗಡಗಡ ನಡುಗತೊಡಗಿತು. ಆಸ್ಪತ್ರೆ ಇರುವುದು ಗುಡ್ಡದ ಆಚೆ, ಊರಲ್ಲಿ ಬೇರೆ ಗಾಡಿಯಿಲ್ಲ, ನನ್ನ ಗಂಡ ಹಡಗಿನಲ್ಲಿ ಅಡುಗೆಯವನು, ಎಲ್ಲೋ ನಡುನೀರಿನಲ್ಲಿದ್ದಾನೆ.

ಅಮ್ಮನ ತಮ್ಮ, ನನ್ನ ಮಾವ, ಪೇಟೆಯಲ್ಲಿ ಮೆಕ್ಯಾನಿಕ್. ಬಂದು ಬಿಚ್ಚಿ ನೋಡಿದ. ಹಳೆ ಫಿಲ್ಟರ್ ಒಳಗೇ ಹರಿದು, ಅಮ್ಮ ಕ್ಯಾನಿನಿಂದ ಸುರಿಯುತ್ತಿದ್ದ ಡೀಸೆಲ್‌ನ ಕಸವೆಲ್ಲ ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ಇಂಜೆಕ್ಟರ್‌ಗೆ ಹೋಗಿ, ಸಣ್ಣಗೆ ಚಿಮ್ಮಬೇಕಾದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಇಂಜೆಕ್ಟರ್‌ಗಳನ್ನೂ ಫಿಲ್ಟರನ್ನೂ ಹೊಸದು ಹಾಕಿದ. ಡೀಸೆಲ್ ಸುರಿಯಲು ಸಣ್ಣ ಜಾಲರಿಯ ಆಲಿಕೆಯೊಂದನ್ನು ಸೀಟಿನ ಹಿಂದೆ ಇಟ್ಟು, ಹೊರಡುವಾಗ ಹೇಳಿದ: "ಅಕ್ಕಾ, ಇನ್ಮೇಲೆ ಸೋಸಿ ಹಾಕು."

ಅಮ್ಮನಿಗೆ ಸೋಸುವುದನ್ನು ಹೇಳಿಕೊಡುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ.

ಮೊದಮೊದಲು ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಏರು ಬಂದಲ್ಲಿ ಉಸಿರು ಕಟ್ಟತೊಡಗಿತು. ಅಮ್ಮ ಎರಡೆರಡು ಸಲ ಸೋಸಿದಳು, ಅದು ಇನ್ನಷ್ಟು ಹಟ ಹಿಡಿಯಿತು. ತಾನು ಹಾಕಿದ ಇಂಜೆಕ್ಟರೇ ಕೈಕೊಟ್ಟಿತೇನೋ ಎಂದು ಮಾವನಿಗೆ ಊಟ ಸೇರಲಿಲ್ಲ. ಇನ್ನೊಂದು ಫಿಲ್ಟರ್ ತಂದು ನಮ್ಮಲ್ಲೇ ಬೀಡುಬಿಟ್ಟ. ನಾನಂತೂ ಹೊಟ್ಟೆಯೊಳಗಿನ ಒದೆತಕ್ಕಿಂತ ಹೆಚ್ಚಾಗಿ ಆ ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಿದ್ದೆ.

ಮಾವ ಬಂದ ಮಾರನೆಯ ಮಧ್ಯಾಹ್ನವೇ ನೋವು ಶುರುವಾಯಿತು. ಅಮ್ಮ ಸ್ಟೇರಿಂಗ್ ಹಿಡಿದಳು, ನಡುವೆ ನಾನು, ಬಾಗಿಲ ಬಳಿ ಮಾವ, ಅವನ ತೊಡೆಯ ಮೇಲೆ ಫಿಲ್ಟರ್. ಅರ್ಧ ಏರಿನಲ್ಲಿ ಗಾಡಿ ಕೆಮ್ಮಿತು, ಎಳೆದಾಡಿತು, ನಿಂತೇಬಿಟ್ಟಿತು. ಮಾವ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ನಾನು ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಹಲ್ಲು ಕಚ್ಚಿದೆ. ಇಲ್ಲೇ ಆಗಿಬಿಟ್ಟರೆ ಎಂಬ ಭಯ ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

ಮಾವ ಫಿಲ್ಟರ್ ಬಿಚ್ಚಿ ಬಗ್ಗಿಸಿದ. ಡೀಸೆಲ್ ಜೊತೆ ಹಸಿರು ನೂಲಿನ ಜೂಲು ಅವನ ಅಂಗೈಗೆ ಬಿತ್ತು.

"ಯಾವುದ್ರಲ್ಲಿ ಸೋಸಿದ್ದೆ ಅಕ್ಕಾ?"

"ನಿಮ್ಮ ಭಾವನ ಅಂಗೀಲಿ. ಅದಕ್ಕಿಂತ ಮೆತ್ತಗಿರೋ ಬಟ್ಟೆ ಮನೇಲಿಲ್ಲ."

"ನಾನು ಕೊಟ್ಟ ಆಲಿಕೆ?"

"ಹೊಸದಲ್ವಾ, ಎಣ್ಣೆ ಆಗುತ್ತೆ ಅಂತ ತೆಗೆದಿಟ್ಟೆ."

ಮಾವ ಹೊಸ ಫಿಲ್ಟರ್ ಕೂರಿಸಿ, ಕೈಪಂಪು ಒತ್ತಿ ಒತ್ತಿ ಡೀಸೆಲ್ ಪೈಪಿನಲ್ಲಿ ಸಿಕ್ಕಿದ್ದ ಗಾಳಿ ತೆಗೆದ. ಎಂಜಿನ್ ಹತ್ತಿಕೊಂಡಿತು. ಟ್ಯಾಂಕಿನಲ್ಲಿ ಇನ್ನೂ ಎಷ್ಟು ನೂಲಿದೆಯೋ, ಈ ಫಿಲ್ಟರ್ ಎಲ್ಲಿಯವರೆಗೆ ತಡೆಯುತ್ತದೋ ಯಾರಿಗೆ ಗೊತ್ತು? ಎಂದೂ ಬಾಯಿ ಮುಚ್ಚದ ಅಮ್ಮ ಆಸ್ಪತ್ರೆಯ ಗೇಟಿನವರೆಗೆ ತುಟಿ ಬಿಚ್ಚಲಿಲ್ಲ.

ಗೇಟಿನೊಳಗೆ ಬಂದು ಗಾಡಿ ಮತ್ತೆ ಆಫಾಯಿತು. ಆಗಲಿ ಬಿಡು ಎಂದುಕೊಂಡೆ.

ಮಗಳು ಹುಟ್ಟಿದಳು. ಮಗುವನ್ನು ಸುತ್ತಲು ಮೆತ್ತನೆಯ ಹಳೆ ಬಟ್ಟೆ ಇದ್ದರೆ ಕೊಡಿ ಎಂದಳು ನರ್ಸ್. ಅಮ್ಮ ಚೀಲದಿಂದ ಒಗೆದು ಮಡಿಸಿದ ಹಸಿರು ಬಟ್ಟೆಯೊಂದನ್ನು ತೆಗೆದಳು. ಅಪ್ಪನ ಅಂಗಿಯ ಇನ್ನರ್ಧ. ಅರ್ಧ ಗಾಡಿಗೆ, ಅರ್ಧ ಮೊಮ್ಮಗುವಿಗೆ ಎಂದು ಮೊದಲೇ ಹರಿದಿಟ್ಟಿದ್ದಳು. ಆದರೆ ಕೊಡಲು ಧೈರ್ಯ ಸಾಲದೆ, ಮಗು ನೋಡಲು ಒಳಗೆ ಬಂದ ತಮ್ಮನ ಕಡೆ ಅದನ್ನು ಚಾಚಿದಳು.

"ನೋಡೋ, ಇದೂ ನೂಲು ಬಿಡುತ್ತಾ?"

ಮಾವ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಅವನ ಕಣ್ಣು ತುಂಬಿತ್ತು.

"ಬಿಟ್ರೆ ಬಿಡ್ಲಿ ಅಕ್ಕಾ. ಇವಳಿಗೆ ಇಂಜೆಕ್ಟರ್ ಇಲ್ಲ."