ಇಪ್ಪತ್ತು ಗಜ ನೀರು

ನಾನು ನನ್ನ ಗೆಳೆಯನಿಗೆ ಸುಳ್ಳು ಅಳತೆ ಹೇಳಿದೆ.

ಇಪ್ಪತ್ತೆರಡು ವರ್ಷದಿಂದ ಊರೂರ ಹೊಲ ಅಳೆದು, ಅಣ್ಣ-ತಮ್ಮಂದಿರ ನಡುವೆ ಕಲ್ಲು ನೆಡಿಸುತ್ತ ಬಂದ ಸರ್ವೇಯರ್ ನಾನು. ಒಂದು ಗೇಣು ಅತ್ತಿತ್ತ ಆಗಿದೆ ಎಂದು ಇವತ್ತಿನವರೆಗೆ ಯಾರೂ ನನ್ನ ಬಾಗಿಲು ಬಡಿದಿಲ್ಲ. ತಪ್ಪು ಅಳತೆ ಹೇಳಿದ್ದು ಒಮ್ಮೆ ಮಾತ್ರ, ಅದೂ ಹೊಲದಲ್ಲಲ್ಲ — ಗಾಲ್ಫ್ ಮೈದಾನದಲ್ಲಿ. ನಗು ಬಂದರೆ ನಗಿ. ಆರು ವರ್ಷ ನಾನೂ ಇದನ್ನು ನಕ್ಕು ಮರೆಯಲು ನೋಡಿದೆ, ಆಗಲಿಲ್ಲ.

ಆ ದಿನ ಏನೇನು ಕೆಡಬಹುದು ಎಂಬುದನ್ನು ಹಿಂದಿನ ದಿನವೇ ಡೈರಿಯಲ್ಲಿ ಬರೆದಿಟ್ಟಿದ್ದೆ — ನನ್ನ ಚಾಳಿ ಅದು. ಗಾಳಿ ಎದ್ದು ಚೆಂಡನ್ನು ಜಾಲಿಕಂಟಿಯೊಳಗೆ ತಳ್ಳಬಹುದು. ನಾಲ್ಕನೇ ಹೋಲಿನ ದಾರಿಯಲ್ಲಿ ಎಮ್ಮೆ ಮಲಗಿ ಏಳದೇ ಇರಬಹುದು. ನಾಯಿ ಚೆಂಡು ಕಚ್ಚಿಕೊಂಡು ಓಡಬಹುದು. ಗೆಳೆಯ ದಸ್ತಗೀರನ ಬೂಟಿನ ಅಟ್ಟೆ ಕಿತ್ತುಬರಬಹುದು. ಚೀಲದ ಪಟ್ಟಿ ಹರಿಯಬಹುದು. ಮುಂಜಾನೆ ತಿಂದ ಮಿರ್ಚಿ ಅವನ ಹೊಟ್ಟೆ ಕೆಡಿಸಬಹುದು. ಜೇನು ಏಳಬಹುದು. ನನ್ನ ಮೊಣಕಾಲು ಕೈಕೊಡಬಹುದು. ಹೀಗೆ ಹದಿನೇಳು ಸಂಗತಿ. ಒಂದೂ ಆಗಲಿಲ್ಲ. ಆದದ್ದು ಪಟ್ಟಿಯಲ್ಲಿರಲಿಲ್ಲ. ಪಟ್ಟಿ ಬರೆದವನನ್ನು ಪಟ್ಟಿಯಲ್ಲಿ ಸೇರಿಸಬೇಕೆಂದು ನನಗೆ ಹೊಳೆದಿರಲಿಲ್ಲ.

ನಮ್ಮ ಮೈದಾನ ಕಲಘಟಗಿಯ ಆಚೆ ಇದೆ. ನಿವೃತ್ತ ಎಂಜಿನಿಯರೊಬ್ಬರು — ಎಲ್ಲರ ಬಾಯಲ್ಲೂ ಅವರು ಸಾಹೇಬರೇ — ತಮ್ಮ ಹುಲ್ಲುಗಾವಲಿನಲ್ಲಿ ಒಂಬತ್ತು ಹೋಲು, ಅಂದರೆ ಚೆಂಡು ಬೀಳಿಸುವ ಕುಳಿ, ತೋಡಿಸಿ ಮಾಡಿದ್ದು. ಟಿವಿಯಲ್ಲಿ ಕಾಣುವ ಹಾಗೆ ಹೋಲಿನ ಸುತ್ತ ಹಸಿರು ಹುಲ್ಲು ಬೆಳೆಸಲು ನಮ್ಮಲ್ಲಿ ನೀರಿಲ್ಲ. ಎಣ್ಣೆ ಕಲೆಸಿದ ಮರಳನ್ನು ದುಂಡಗೆ ಹಾಸಿ ಉರುಳುಗಲ್ಲು ಹೊಡೆಯುತ್ತೇವೆ. ದನ ಬಂದರೆ ಆಟ ನಿಲ್ಲಿಸಿ ದಾರಿ ಬಿಡಬೇಕು ಎಂಬುದು ಮೊದಲ ನಿಯಮ.

ಅಲ್ಲಿಗೆ ದಸ್ತಗೀರನನ್ನು ಕರೆದೊಯ್ದವನು ನಾನೇ. ಅಣ್ಣಿಗೇರಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಅವನದು ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಪುಸ್ತಕ ಓದಿ ಆಟ ಕಲಿತವನು ನಾನು. ಅವನು ಕೋಲು ಹಿಡಿದ ಮೂರನೇ ಭಾನುವಾರ ನನ್ನನ್ನು ಸೋಲಿಸಿದ. ಹೊಡೆಯುವಾಗ ಅವನ ಮೈಯೆಲ್ಲ ನಗುತ್ತಿತ್ತು — ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ನನ್ನ ಬಲವೆಂದರೆ ಹೆದರಿಕೆ. ಗಾಲ್ಫಿನಲ್ಲಿ ಅದಕ್ಕೂ ಬೆಲೆಯಿದೆ. ಹೋಲಿನಲ್ಲಿ ನೆಟ್ಟ ಬಾವುಟಕ್ಕೆ ಗುರಿ ಇಡಬೇಡ, ಮರಳಿನ ನಟ್ಟನಡುವಿಗೆ ಇಡು. ಕಂಟಿಯಲ್ಲಿ ಸಿಕ್ಕಿಕೊಂಡರೆ ಸಂದಿಯಲ್ಲಿ ತೂರಿಸಹೋಗದೆ ಬಾಜುಕ ಹೊರಗೆ ಬಾ. ಜನ್ಮದಲ್ಲಿ ಒಮ್ಮೆ ಬಿದ್ದ ದೊಡ್ಡ ಹೊಡೆತವನ್ನು ನಿನ್ನದೆಂದು ನಂಬಬೇಡ, ದಿನಾ ಬೀಳುವುದೇ ನಿನ್ನದು. ಈ ಹೊಡೆತಕ್ಕಿಂತ ಮೊದಲು ಮುಂದಿನದನ್ನು ಯೋಚಿಸು. ಇವನ್ನೆಲ್ಲ ನಾನು ಹೇಳುತ್ತಿದ್ದೆ, ಜನ ಕೇಳುತ್ತಿದ್ದರು, ಅವರ ಆಟ ಸುಧಾರಿಸುತ್ತಿತ್ತು. ನನ್ನದು ಮಾತ್ರ ಇದ್ದಲ್ಲೇ ಇತ್ತು.

ವರ್ಷಕ್ಕೊಮ್ಮೆ ಕಪ್ಪಿನ ಆಟ, ಎರಡು ದಿನ; ಕಡಿಮೆ ಹೊಡೆತಕ್ಕೆ ಮುಗಿಸಿದವರು ಗೆದ್ದಂತೆ. ಗೆದ್ದವರನ್ನು ಸಾಹೇಬರು ಬೆಳಗಾವಿ ಕಡೆಯ ದೊಡ್ಡ ಮೈದಾನಕ್ಕೆ ಆಡಲು ಕಳಿಸುತ್ತಾರೆ — ನಿಜವಾದ ಹುಲ್ಲಿನ ಮೈದಾನ. ದಸ್ತಗೀರನಿಗೆ ಬೇಕಾಗಿದ್ದು ಕಪ್ಪಲ್ಲ, ಅದು. ನನ್ನ ಬೈಕಿನ ಹಿಂದೆ ಕೂತು ಎಷ್ಟು ಸಲ ಅಂದಿದ್ದ: "ಒಮ್ಮೆ ಆ ಹಸರ ಹುಲ್ಲಿನ ಮ್ಯಾಲೆ ಚೆಂಡ ಉರಳೂದು ನೋಡಬೇಕೋ ಮಾಂತ್ಯಾ. ಮರಳಾಗ ಅದು ಹೇಸಿ ಹೇಸಿ ಹೊಕ್ಕೈತಿ."

ಆ ಸಲ ಮೊದಲ ದಿನವೇ ನಾನು ಹೊರಬಿದ್ದೆ. ಒಂದು ಚೆಂಡನ್ನೂ ನೀರಿಗೆ ಹಾಕದೆ, ಒಂದನ್ನೂ ಕಳೆಯದೆ ಹೊರಬಿದ್ದವನು ಮೈದಾನದ ಇತಿಹಾಸದಲ್ಲಿ ನಾನೊಬ್ಬನೇ. ಸಂಜೆ ಸಾಹೇಬರ ಪಡಸಾಲೆಯಲ್ಲಿ ಗಿರ್ಮಿಟ್ ತಿನ್ನುತ್ತ ಎಲ್ಲರೂ ಕೂತಾಗ ದಸ್ತಗೀರ ಅಂದ:

"ಇಂವನ ಮದಿವಿ ಫೋಟೋ ನೋಡ್ರಿ ಸಾಹೇಬ್ರ. ಅಕ್ಕಿಕಾಳ ಒಗಿಯೂ ಮುಂದ ಕಣ್ಣ ಮುಚ್ಚಿ ನಿಂತಾನ, ಕಣ್ಣಾಗ ಬಿದ್ದಾವು ಅಂತ! ಹೆಂಡ್ತಿ ಮಾರಿನ ಎಲ್ಲಾರ್‍ಕಿಂತಾ ಆಮ್ಯಾಲೆ ನೋಡ್ಯಾನ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಳ್ಳೇನಲ್ಲ, ಫೋಟೋ ಈಗಲೂ ನಮ್ಮ ಮನೆಯ ಗೋಡೆಯ ಮೇಲಿದೆ. ಆ ನಗುವಿಗೆ ಸೇಡು ತೀರಿಸಿಕೊಂಡೆ ಎಂದು ಬರೆದರೆ ನನಗೆ ಹಗುರಾಗುತ್ತಿತ್ತು. ಆದರೆ ಅದಲ್ಲ…

ಮರುದಿನ ಅವನ ಚೀಲ ನಾನು ಹೊತ್ತೆ. ಆಟ ನಡೆದಿರುವಾಗ ಆಟಗಾರನಿಗೆ ಸಲಹೆ ಕೊಡುವ ಹಕ್ಕು ಒಬ್ಬನಿಗೇ — ಅವನ ಚೀಲ ಹೊತ್ತವನಿಗೆ. ಬೇರೆ ಯಾರನ್ನೂ ಅವನು ಕೇಳುವಂತಿಲ್ಲ. ಎಂಟು ಹೋಲಿನ ತನಕ ನಾನು ಹೇಳಿದಂತೆ ಆಡಿದ, ಬಲು ಚೆನ್ನಾಗಿ ಆಡಿದ. ಕೊನೆಯ ಹೋಲು. ಅವನೊಂದಿಗೆ ಪೈಪೋಟಿಯಲ್ಲಿದ್ದ ಕುಂದಗೋಳದ ಡಾಕ್ಟರು ಆಟ ಮುಗಿಸಿ ಕೂತಿದ್ದರು. ದಸ್ತಗೀರ ಇದನ್ನು ನಾಲ್ಕು ಹೊಡೆತಕ್ಕೆ ಮುಗಿಸಿದರೆ ಕಪ್ ಅವನದು. ಐದಾದರೆ ಇಬ್ಬರೂ ಸಮ, ಸಮ ಆದರೆ ಹಿಂದಿನ ವರ್ಷ ಗೆದ್ದ ಡಾಕ್ಟರಿಗೇ ಎಂಬುದು ನಮ್ಮ ನಿಯಮ.

ಮೊದಲ ಹೊಡೆತ ನೆಟ್ಟಗೆ ಹೋಗಿ ಕೆರೆಯ ಈಚೆ ದಂಡೆಯ ಹತ್ತಿರ ನಿಂತಿತು. ಮುಂದೆ ತುಂಬಿದ ಕೆರೆ, ಅದರಾಚೆ ಮರಳು, ಬಾವುಟ. ಒಂದೇ ಹೊಡೆತಕ್ಕೆ ಕೆರೆ ದಾಟಿಸಬಹುದು. ಇಲ್ಲವೇ ಬಾಜುಕಿನ ಬಯಲಿಗೆ ಸಣ್ಣಗೆ ಹೊಡೆದು, ಕೆರೆ ಬಳಸಿಕೊಂಡು ಹೋಗಬಹುದು. ಅವನು ಉದ್ದನೆಯ ಕೋಲು ಎಳೆದು ಹಿಡಿದು ಕೇಳಿದ:

"ಆಚಿ ದಂಡಿಗಿ ಎಷ್ಟೈತಲೇ ಮಾಂತ್ಯಾ?"

ಬೇಸಿಗೆಯಲ್ಲಿ ಕೆರೆ ಒಣಗಿದ್ದಾಗ ಟೇಪು ಹಿಡಿದು ಅದನ್ನು ಅಳೆದಿದ್ದೆ. ನೂರಾ ಎಪ್ಪತ್ತೈದು ಗಜ. ಡೈರಿ ನನ್ನ ಜೇಬಿನಲ್ಲೇ ಇತ್ತು. ಆ ಕೋಲಿನಲ್ಲಿ ಅವನ ದಿನದ ಹೊಡೆತ ನೂರಾ ತೊಂಬತ್ತು — ಅದನ್ನೂ ನಾನೇ ಬರೆದಿಟ್ಟಿದ್ದೆ. ನನ್ನ ಸ್ವಂತ ಲೆಕ್ಕಾಚಾರದ ಪ್ರಕಾರವೇ ಹೇಳಬೇಕಾದ ಮಾತು ಒಂದು: ಹೊಡಿ.

ಆಗ ನನಗೆ ಕಂಡದ್ದು ಇಷ್ಟು — ಚೆಂಡು ನೀರಿನ ಮೇಲೆ ಹಾರುತ್ತದೆ, ಆಚೆ ಬೀಳುತ್ತದೆ, ಅವನು ನಗುತ್ತಾನೆ. ಹೆದರದ ಮನುಷ್ಯನೊಬ್ಬ ಏನೂ ಆಗದೆ ದಾಟಿಬಿಡುತ್ತಾನೆ. ಹಾಗಿದ್ದರೆ ನಾನು ಇಷ್ಟು ವರ್ಷ ಹೆದರಿದ್ದು… ದಾಟದೆ ಬಿಟ್ಟದ್ದೆಲ್ಲ…

"ನೂರಾ ತೊಂಬತ್ತೈದು," ಅಂದೆ.

"ಹೌದೇನು? ಕಣ್ಣಿಗಿ ಅಷ್ಟ ಕಾಣವಲ್ದಲ್ಲೋ."

"ನೀರಿನ ಮ್ಯಾಲೆ ಹಂಗ, ಕಡಿಮಿ ಕಾಣತೈತಿ."

ಸುಳ್ಳಿಗೆ ಕಾರಣವನ್ನೂ ಜೋಡಿಸಿದೆ. ಅವನು ಒಂದು ಸಲ ನೀರು ನೋಡಿದ, ಒಂದು ಸಲ ನನ್ನ ಮುಖ. "ನೀ ಅಳದೀ ಅಂದಮ್ಯಾಲೆ ಮುಗೀತ ಬಿಡು," ಎಂದು ಕೋಲನ್ನು ಚೀಲಕ್ಕೆ ಇಳಿಸಿದ. ಬಾಜುಕ ಹೊಡೆದ. ಮೂರನೆಯದು ಮರಳಿಗೆ ಬಂತು. ನಾಲ್ಕನೆಯದು ಹೋಲಿನ ತುಟಿಯವರೆಗೆ ಹೋಗಿ ನಿಂತಿತು. ಐದು.

ಎಲ್ಲರೂ ನನ್ನ ಬೆನ್ನು ತಟ್ಟಿದರು — ಸೋತರೂ ಶಾಣ್ಯಾತನದ ಆಟ ಆಡಿಸಿದಿರಿ ಅಂದರು ಸಾಹೇಬರು. ದಸ್ತಗೀರ ಬೈಕಿನ ಮೇಲೆ ಅಂದ: "ನೀ ಇದ್ದಿ ಅಂತ ನಗಿಗೇಡ ಆಗೂದು ತಪ್ಪಿತು ನೋಡು. ಸುಮ್ನ ನೀರಿಗಿ ಹಾಕ್ತಿದ್ನಿ." ನಾನು ಅಂದೆ, "ಮುಂದಿನ ವರ್ಷ ನೋಡೂಣು."

ಮುಂದಿನ ವರ್ಷ ಅವನು ಆ ಉದ್ದ ಕೋಲನ್ನು ಅಲ್ಲಿ ಮುಟ್ಟಲೇ ಇಲ್ಲ. ಅದರ ಮರುವರ್ಷವೂ. ನಿಧಾನಕ್ಕೆ ಉಳಿದ ಹೋಲುಗಳಲ್ಲೂ ನನ್ನ ಹಾಗೆ ಆಡತೊಡಗಿದ — ನಡುವಿಗೆ, ಬಾಜುಕ, ಹಿಂದೆ ಮುಂದೆ ನೋಡಿ. ಹೊಡೆಯುವಾಗ ಅವನ ಮೈ ನಗುವುದು ನಿಂತಿತು. ಸಾಲದ್ದಕ್ಕೆ ಎಲ್ಲಿಂದಲೋ ಒಂದು ಕಲ್ಲು ತಂದು ಈಚೆ ದಂಡೆಯಲ್ಲಿ ನೆಟ್ಟು, ಕೆಂಪು ಬಣ್ಣದಲ್ಲಿ 195 ಎಂದು ಬರೆದ, ಬಂದವರಿಗೆ ಅನುಕೂಲ ಆಗಲಿ ಅಂತ. ಹೊಲದ ಬಾಂದುಗಲ್ಲನ್ನು ಯಾರಾದರೂ ಮೊಳ ಸರಿಸಿದರೆ ಪಂಚರ ಎದುರು ಅವರ ಮಾನ ಕಳೆಯುವ ನಾನು, ಆ ಕಲ್ಲನ್ನು ಪ್ರತಿ ಭಾನುವಾರ ದಾಟಿ ಹೋಗುತ್ತೇನೆ.

ಹೋದ ವರ್ಷ ಅವನು ಪಂಪ್‌ಶೆಡ್ಡಿನ ಮೇಲಿಂದ ಬಿದ್ದ. ಭುಜ ಕೂಡಿತು, ಆದರೆ ಕೈ ಕಿವಿಗಿಂತ ಮೇಲೆ ಏಳುವುದಿಲ್ಲ. ಇನ್ನು ಆ ಹೊಡೆತ ಅವನಿಂದಾಗದು. ಈಗ ಹೊಸಬರಿಗೆ ಕಲಿಸುತ್ತಾನೆ. ಮೊನ್ನೆ ಅಳ್ನಾವರದಿಂದ ಬರುವ ಪಿ.ಟಿ. ಟೀಚರು — ಅಗದಿ ಗಟ್ಟಿಯಾಗಿ ಹೊಡೆಯುವ ಹೆಣ್ಣುಮಗಳು — ಅದೇ ಜಾಗದಲ್ಲಿ ಉದ್ದ ಕೋಲು ಎಳೆದಳು.

"ಬ್ಯಾಡ್ರಿ ಬಾಯಾರ. ಕಲ್ಲ ನೋಡ್ರಿ," ಅಂದ ದಸ್ತಗೀರ.

"ಯಾರ್ ಅಳದಾರ್‍ರಿ ಇದನ್ನ?"

"ಇವ್ರ ಅಳದಾರ್‍ರಿ, ನಮ್ಮ ಸರ್ವೇಯರ್ರು. ಇವ್ರ ಅಳತಿ ತಪ್ಪಿದ್ರ ನೆಲಾನ ತಪ್ಪೇತಿ ಅಂತ ತಿಳೀರಿ."

ಅವಳು ಕೋಲನ್ನು ಚೀಲಕ್ಕೆ ಇಳಿಸಿದಳು. ನಾನು ಅಲ್ಲೇ ನಿಂತಿದ್ದೆ.

ಈಗ ಬೇಸಿಗೆ. ಕೆರೆಯ ತಳ ಬಿರುಕು ಬಿಟ್ಟಿದೆ, ಆಚೆ ದಂಡೆಗೆ ನಡೆದೇ ಹೋಗಬಹುದು. ಈ ಭಾನುವಾರ ಟೇಪು ತೆಗೆದುಕೊಂಡು ಹೋಗುತ್ತೇನೆ. ಒಂದು ತುದಿಯನ್ನು ಕಲ್ಲಿನ ಹತ್ತಿರ ನಾನು ಹಿಡಿಯುತ್ತೇನೆ. ಇನ್ನೊಂದು ತುದಿ ದಸ್ತಗೀರನ ನೆಟ್ಟಗಿರುವ ಕೈಗೆ. ಅಂಕಿಯನ್ನು ಅವನೇ ಓದಲಿ. ಓದಿದ ಮೇಲೆ ಅವನು ಏನನ್ನುತ್ತಾನೆ ಎಂಬುದರ ಪಟ್ಟಿಯನ್ನು, ನಂಬಿ, ನಾನು ಮಾಡಿಲ್ಲ. ಏನಂದರೂ ಅದು ಅವನ ಹಕ್ಕು.

ಆ ದಿನ ಗಾಳಿ ಏಳಲಿಲ್ಲ. ಎಮ್ಮೆ ಅಡ್ಡ ಮಲಗಲಿಲ್ಲ. ಬೂಟು, ಚೀಲ, ಹೊಟ್ಟೆ, ಎಲ್ಲವೂ ಸರಿಯಾಗಿದ್ದವು. ದಸ್ತಗೀರ, ಕೆರೆ ನೂರಾ ಎಪ್ಪತ್ತೈದು ಗಜವೇ ಇತ್ತು. ಉಳಿದ ಇಪ್ಪತ್ತು ನಾನು ಹಾಕಿದ್ದು.