ಆನಿ ನಾಲ್ಕರ ಮರಿ

ತಮಿಳುನಾಡಿನ ಆಂಡಿಪಟ್ಟಿಯ ಆಚೆ, ಬಸ್ಸು ಇಳಿದು ಅರ್ಧ ಗಂಟೆ ನಡೆದರೆ ಸಿಗುವ ಕನ್ನಡದವರ ಬೀದಿಯಲ್ಲಿ ಪೇಚ್ಚಿಯಮ್ಮಾಳಿನ ಮನೆ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಮದುವೆಯಾಗಿ ಬಂದಾಗ ಆಕೆಗೆ ಮೇಕೆಯ ಬಗ್ಗೆ ಏನೂ ಗೊತ್ತಿರಲಿಲ್ಲ. ಈಗ ಐವತ್ತೆರಡು ವಯಸ್ಸು, ಮೇಕೆ ನಡೆದು ಬರುವ ಸಪ್ಪಳದಲ್ಲೇ ಅದರ ಯಾವ ಗೊರಸಿಗೆ ನೋವು ಎಂದು ಹೇಳುತ್ತಾಳೆ.

ಮೇಕೆಯ ಊನ ಗುರುತಿಸುವುದನ್ನು ತನಗೆ ಕಲಿಸಿದವರು ಪೆರಿಯಕುಳದ ಸಿಕ್ಕಂದರ್ ರಾವುತ್ತರ್ ಎಂದು ಆಕೆ ಯಾರ ಮುಂದೆಯಾದರೂ ಹೇಳುತ್ತಾಳೆ. ಇಪ್ಪತ್ತು ವರ್ಷದ ಹಿಂದೆ, ಬಕ್ರೀದಿಗೆ ಹೋತ ಬೇಕೆಂದು ಅವರು ಮೊದಲ ಸಲ ಕೊಟ್ಟಿಗೆಗೆ ಬಂದಿದ್ದರು. ಈಕೆ ದಪ್ಪಗಿದ್ದ ಒಂದನ್ನು ಹಿಡಿದು ಮುಂದೆ ತಂದಳು. ಅದು ಹಿಂಗಾಲು ಎಳೆಯುತ್ತಿತ್ತು. ರಾವುತ್ತರ್ ಸಿಡುಕಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು, ತಮಿಳಿನಲ್ಲಿ, ಸ್ವಂತ ತಂಗಿಗೆ ಹೇಳುವಂತೆ ಹೇಳಿದರು.

“ನೋಡು ತಂಗಚ್ಚಿ, ಕುರ್ಬಾನಿಗೆ ನಾಲ್ಕು ಬರೋದಿಲ್ಲ. ಒಕ್ಕಣ್ಣಿನದು, ಕುಂಟು, ರೋಗದ್ದು, ಎಲುಬು ಕಾಣೋ ಬಡಕಲು. ಕಿವಿ ಬಹಳ ಹರಿದಿರಬಾರದು, ಕೊಂಬು ಬುಡದಿಂದ ಮುರಿದಿರಬಾರದು. ಮೇಕೆಗೆ ವರ್ಷ ತುಂಬಿರಬೇಕು. ದೇವರು ಕೊಟ್ಟಿದ್ದರಲ್ಲಿ ಒಳ್ಳೇದನ್ನ ಅವನ ಹೆಸರಲ್ಲಿ ಕೊಡಬೇಕೇ ಹೊರತು, ನಮಗೆ ಬೇಡವಾದದ್ದನ್ನಲ್ಲ.”

ಆಕೆಗೆ ಅದು ಹೊಸ ಮಾತು ಅನ್ನಿಸಲಿಲ್ಲ. ತಮ್ಮ ಮನೆದೇವರು ಕರುಪ್ಪಸಾಮಿಗೂ ಊನವಾದ ಹೋತವನ್ನು ಯಾರೂ ಕೊಡುವುದಿಲ್ಲ. ಅಂದಿನಿಂದ ಆಕೆ ಗುರುತಿಗಾಗಿ ಮರಿಗಳ ಕಿವಿ ಕತ್ತರಿಸುವುದನ್ನು ಬಿಟ್ಟಳು, ಕೊರಳಿಗೆ ಕೆಂಪು ದಾರ ಕಟ್ಟಿದಳು. ಹುಟ್ಟಿದ ದಿನವನ್ನು ತಮಿಳು ತಿಂಗಳ ಲೆಕ್ಕದಲ್ಲಿ ಕೊಟ್ಟಿಗೆಯ ಬಾಗಿಲ ಹಿಂದೆ ಇದ್ದಿಲಿನಿಂದ ಬರೆದಿಟ್ಟಳು. ರಾವುತ್ತರ್ ವರ್ಷ ತಪ್ಪದೆ ಬಂದರು, ಅವರ ನೆಂಟರೂ ಬಂದರು. ಆ ಮೇಕೆಗಳಿಂದಲೇ ಮನೆಗೆ ಹೆಂಚು ಬಿತ್ತು, ಮಗಳು ಸರಣ್ಯಾ ತೇನಿಯಲ್ಲಿ ನರ್ಸಿಂಗ್ ಓದಿದಳು.

ಮೊನ್ನಿನ ಬಕ್ರೀದಿಗೆ ರಾವುತ್ತರ್ ಕರಿ ಹೋತವೊಂದನ್ನು ಮೂರು ತಿಂಗಳು ಮೊದಲೇ ಗೊತ್ತು ಮಾಡಿದ್ದರು. ಹಬ್ಬಕ್ಕೆ ಆರು ದಿನ ಇರುವಾಗ ಪೇಚ್ಚಿಯಮ್ಮಾಳ್ ಅದರ ಎಡಗಡೆ ಅಗಸೆ ಸೊಪ್ಪು ಹಿಡಿದಳು. ಹೋತ ತಿರುಗಲಿಲ್ಲ. ಬಲಗಡೆ ಹಿಡಿದಳು, ತಕ್ಷಣ ಬಾಯಿ ಹಾಕಿತು. ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದರೆ ಎಡಗಣ್ಣಿನಲ್ಲಿ ತೆಳ್ಳಗೆ ಬಿಳಿ ಪೊರೆಯಂತೆ ಹೂವು ಬಿದ್ದಿತ್ತು. ಜಾಲಿ ಮುಳ್ಳು ಯಾವಾಗಲೋ ಚುಚ್ಚಿರಬೇಕು.

ಗಂಡ ಕಾಳಿಯಪ್ಪನ್ ಪಕ್ಕದಲ್ಲೇ ನಿಂತಿದ್ದ. “ನೀನ್ ಬಾಯ್ ತೊರೀದಿದ್ರೆ ಅವುರ್ಗೆ ಎಂಗೆ ತಿಳೀತದೆ? ಇಡುದು ಕೊಡು, ಆಯ್ತು.”

“ಅವುರ್ಗೆ ತಿಳೀದು. ಸಾಮಿಗೆ?”

“ಅದು ಅವುರ ಸಾಮಿ ಅಲ್ವೇನೆ!”

“ಯಾರ ಸಾಮಿ ಆದ್ರೇನು, ಕಣ್ಣು ಕುಲ್ಡಾಗಿರ್ತದಾ?”

ಕಾಳಿಯಪ್ಪನ್ ಮುಖ ಊದಿಸಿಕೊಂಡು ಒಳಗೆ ಹೋದ. ಆಕೆ ಮರುದಿನ ಬೆಳಿಗ್ಗೆ ತೇನಿಯಲ್ಲಿ ಬಸ್ಸು ಬದಲಾಯಿಸಿ ಪೆರಿಯಕುಳಕ್ಕೆ ಹೋದಳು. ದಾರಿಯುದ್ದಕ್ಕೂ ಇಪ್ಪತ್ತು ವರ್ಷದ ನಂಟು ಇಂದಿಗೆ ಮುಗಿಯಿತೋ ಏನೋ ಎಂಬ ಭಯ.

ರಾವುತ್ತರ್ ಎಲ್ಲ ಕೇಳಿಕೊಂಡು, “ಅಷ್ಟು ದೂರದಿಂದ ಇದನ್ನ ಹೇಳೋಕೆ ಬಂದೆಯಾ?” ಎಂದರು. “ಬೇರೆ ಏನಾದರೂ ಇದೆಯಾ ನಿನ್ನ ಹತ್ತಿರ? ನೆಂಟರೊಬ್ಬರಿಗೆ ಅಂತ ಸಂತೆಯಲ್ಲಿ ನೋಡಿದೆ, ನೀರು ಕುಡಿಸಿ ಹೊಟ್ಟೆ ಉಬ್ಬಿಸಿದ್ದೇ ಎಲ್ಲ.”

“ಒಂದು ಕಂದು ಹೋತ ಐತೆ ಅಣ್ಣಾ. ಕಣ್ಣು, ಕಾಲು ಎಲ್ಲಾ ಚೆನ್ನಾಗೈತೆ. ಆದರೆ ಆನಿ ನಾಲ್ಕಕ್ಕೆ ಹುಟ್ಟಿದ್ದು. ಆನಿ ತಿಂಗಳು ಇನ್ನೂ ಬಂದಿಲ್ಲ. ವರ್ಷಕ್ಕೆ ಹತ್ತು ದಿನ ಕಮ್ಮಿ ಬೀಳ್ತದೆ.”

ಇದನ್ನೂ ಹೇಳಿಬಿಟ್ಟ ಮೇಲೆ ಕೊಡಲು ಆಕೆಯಲ್ಲಿ ಏನೂ ಉಳಿದಿರಲಿಲ್ಲ. ರಾವುತ್ತರ್ ಹಣೆ ಉಜ್ಜಿಕೊಂಡರು. “ಯಾವ ದಿನ, ಸರಿಯಾಗಿ ನೆನಪಿದೆಯಾ?”

“ಮರೀತೀನಾ? ಹೋದ ಬಕ್ರೀದಿನ ಮಾರನೇ ದಿನ. ನೀವು ಕಳಿಸಿದ ಬಾಡು ಮನೆಯವರಿಗೆ ಅಂತ ಒಲೆ ಮೇಲೆ ಬೇಯ್ತಾ ಇತ್ತು, ಇತ್ತ ಮೇಕೆ ಈಯ್ತಾ ಇತ್ತು.”

ರಾವುತ್ತರ್ ತಟ್ಟನೆ ಎದ್ದು ಆಕೆಯನ್ನು ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತರ ಬಳಿ ಕರೆದುಕೊಂಡು ಹೋದರು. ಹೊರಗಿನ ಬೇವಿನ ನೆರಳಿನಲ್ಲಿ ಹಜರತ್ ಎಲ್ಲವನ್ನೂ ಕೇಳಿದರು, ಬೆರಳು ಮಡಚಿ ಎಣಿಸಿದರು.

“ನಮ್ಮ ವರ್ಷ ಚಂದ್ರನ ಲೆಕ್ಕ ಅಮ್ಮಾ, ಸೂರ್ಯನದಲ್ಲ. ಬಕ್ರೀದಿನ ಮಾರನೇ ದಿನ ಹುಟ್ಟಿದ್ದಕ್ಕೆ ಈ ಬಕ್ರೀದಿನ ದಿನ ಮುಗಿಯೋ ಹೊತ್ತಿಗೆ ವರ್ಷ ತುಂಬ್ತದೆ. ಕುರ್ಬಾನಿ ಹಬ್ಬದ ದಿನ ಒಂದೇ ಅಲ್ಲ, ಮೂರನೇ ದಿನ ಹೊತ್ತು ಮುಳುಗೋವರೆಗೂ ಕೊಡಬಹುದು. ಮೂರನೇ ದಿನ ಕೊಡಿ, ಯಾವ ಅನುಮಾನವೂ ಇರೋದಿಲ್ಲ.”

“ಹೋತದ ಹಾಲುಹಲ್ಲು ಇನ್ನೂ ಬಿದ್ದಿಲ್ಲ ಸಾಮಿ,” ಎಂದು ಪೇಚ್ಚಿಯಮ್ಮಾಳ್ ಅದನ್ನೂ ಮುಚ್ಚಿಡದೆ ಹೇಳಿದಳು.

ಹಜರತ್ ನಕ್ಕರು. “ಹುಟ್ಟಿದ ದಿನ ತಿಳಿಯದಿದ್ದಾಗ ವಯಸ್ಸಿಗೆ ಹಲ್ಲು ನೋಡಬೇಕು. ಕಣ್ಣಿನ ಹೂವು ತಿಳಿಸೋಕೆ ತಾನಾಗಿ ಬಸ್ಸು ಹತ್ತಿ ಬಂದವಳು, ದಿನ ಹೇಳಿದರೆ ನಂಬದೆ ಇರ್ತೀವಾ?”

ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ತನ್ನ ಮಾತಿಗೆ ಇಷ್ಟು ತೂಕವಿದೆಯೆಂದು ಅವತ್ತಿನವರೆಗೂ ಆಕೆಗೆ ಗೊತ್ತಿರಲಿಲ್ಲ.

ಹಬ್ಬದ ಮೂರನೇ ದಿನ ಕಾಳಿಯಪ್ಪನೇ ಕಂದು ಹೋತವನ್ನು ಮಿನಿ ಲಾರಿಯಲ್ಲಿ ಏರಿಸಿ, ಅದರ ಕೊರಳು ಹಿಡಿದು ಕೂತು ಪೆರಿಯಕುಳಕ್ಕೆ ಬಂದ. ಪೇಚ್ಚಿಯಮ್ಮಾಳ್ ಯಾವತ್ತೂ ಕೊಯ್ಯುವ ಹೊತ್ತಿಗೆ ನಿಂತವಳಲ್ಲ. ಅವತ್ತು ನಿಂತಳು. ಕತ್ತಿಯನ್ನು ಹೋತದ ಕಣ್ಣಿಗೆ ಬೀಳದಂತೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು, ಹಿತ್ತಲಿನಾಚೆ ಎಲ್ಲೋ ಮಸೆದು ತಂದಿದ್ದರು. ರಾವುತ್ತರ್ ತಾವೇ ಬಟ್ಟಲಲ್ಲಿ ನೀರು ಹಿಡಿದರು. ಹೋತ ಕುಡಿಯುವಷ್ಟೂ ಕಾದರು. ಬೆನ್ನು ಸವರಿ ಮೆಲ್ಲಗೆ ಮಲಗಿಸಿ, ಮುಖ ಪಡುವಣಕ್ಕೆ ತಿರುಗಿಸಿ, ದೇವರ ಹೆಸರು ಹೇಳಿದರು. ಒಂದೇ ಉಸಿರಿನಲ್ಲಿ ಮುಗಿಯಿತು. ಪೂರ್ತಿ ತಣ್ಣಗಾಗುವವರೆಗೆ ಯಾರೂ ಚರ್ಮಕ್ಕೆ ಕೈ ಹಾಕಲಿಲ್ಲ.

“ಚೆನ್ನಾಗಿ ಕಳಿಸಿದ್ರು,” ಎಂದಳು ಗಂಡನಿಗೆ. ಕಾಳಿಯಪ್ಪನ್ ತಲೆಯಾಡಿಸಿ ಕಣ್ಣೊರೆಸಿಕೊಂಡ.

ಮಾಂಸ ಮೂರು ಪಾಲಾಯಿತು, ಮನೆಗೊಂದು, ನೆಂಟರು ನೆರೆಯವರಿಗೊಂದು, ಇಲ್ಲದವರಿಗೊಂದು. ಸುಲಿದು ಮಾಂಸ ಕಡಿದವನಿಗೆ ಕೂಲಿಯನ್ನು ತಮ್ಮ ಕೈಯಿಂದ ಹಣವಾಗಿ ಕೊಟ್ಟರು. ಕೂಲಿಯ ಬದಲು ಮಾಂಸವನ್ನಾಗಲಿ ಚರ್ಮವನ್ನಾಗಲಿ ಕೊಡುವಂತಿಲ್ಲ.

ಹೊರಡುವಾಗ ರಾವುತ್ತರ ಹೆಂಡತಿ ಒಂದು ಡಬ್ಬಿ ತಂದು ಪೇಚ್ಚಿಯಮ್ಮಾಳಿನ ಕೈಗಿಟ್ಟರು. “ಇದು ನೀನು ಸಾಕಿದ್ದಲ್ಲಮ್ಮಾ. ಮೊದಲ ದಿನ ನನ್ನ ತಮ್ಮ ಕೊಟ್ಟ ಕುರ್ಬಾನಿದು, ನಿನಗೆ ಅಂತ ಫ್ರಿಜ್‌ನಲ್ಲಿ ಇಟ್ಟಿದ್ದೆ. ನೀನು ಸಾಕಿದ್ದನ್ನ ನೀನು ತಿನ್ನೋದಿಲ್ಲ ಅಂತ ನನಗೆ ಗೊತ್ತಿಲ್ವಾ?”

ಇಪ್ಪತ್ತು ವರ್ಷದಲ್ಲಿ ಈ ವಿಷಯವನ್ನು ಆಕೆ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಸಂಜೆ ಮನೆಯಲ್ಲಿ ಮೆಣಸು ಅರೆದು ಸಾರು ಮಾಡಿದಳು, ಸರಣ್ಯಾಗೂ ಫೋನು ಮಾಡಿ ಕರೆದಳು. ಮೂವರೂ ಜಗುಲಿಯ ಮೇಲೆ ಕೂತು ಉಂಡರು.